ಒಂದು ಚಿತ್ರ, ಮೂರು ಗೋಡೆ: ಕಲಬುರಗಿಯ ಒಂದು ಪ್ರಕರಣ

ಮೊದಲು ಚಿತ್ರ ಹೇಗಿದೆ ಅಂತ ಹೇಳಿಬಿಡುತ್ತೇನೆ. ಮುಂದೆ ನಡೆದ ಗಲಾಟೆಯಲ್ಲಿ ಚಿತ್ರವನ್ನು ಸರಿಯಾಗಿ ನೋಡಿದವರೇ ಕಡಿಮೆ.

ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಕ್ಯಾನ್ವಾಸ್. ಮುಕ್ಕಾಲು ಭಾಗ ಬೂದು. ಟ್ಯೂಬಿನಿಂದ ಹಿಂಡಿ ಬಳಿದ ಬೂದು ಅಲ್ಲ. ಶಹಾಬಾದ್ ಫರಸಿ ಕಲ್ಲಿನ ಪುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಉಜ್ಜಿ, ಅದರ ಮೇಲೆ ಮತ್ತೆ ಹಚ್ಚಿ ಮಾಡಿದ್ದು. ಹತ್ತಿರ ಹೋದರೆ ಅಡ್ಡಡ್ಡ ಪದರಗಳು ಕಾಣುತ್ತವೆ, ಪದರದ ಅಂಚು ಉಗುರಿಗೆ ತಾಗುವಷ್ಟು ಎದ್ದಿರುತ್ತದೆ. ಕೆಳಗೆ ಬಲಮೂಲೆಯಲ್ಲಿ ಅಂಗೈ ಅಗಲದ ಒಂದು ಕಡು ಹಸಿರು ಪಟ್ಟಿ. ಮೇಲಿನಿಂದ ಓರೆಯಾಗಿ ಇಳಿದು ಬರುವ ಒಂದು ಕಾವಿ ಗೆರೆ, ಕಿರುಬೆರಳಿನಷ್ಟು ಅಗಲ. ಗೆರೆಯ ಎರಡೂ ಅಂಚಿನಲ್ಲಿ ಬಣ್ಣ ಸಿಡಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು. ಗೆರೆ ಸೀದಾ ಹಸಿರಿನವರೆಗೆ ಬಂದು ಅಲ್ಲಿ ನಿಂತುಬಿಡುತ್ತದೆ. ಅಷ್ಟೇ. ಮನುಷ್ಯ ಇಲ್ಲ, ಮರ ಇಲ್ಲ, ಮನೆ ಇಲ್ಲ, ದೇವರೂ ಇಲ್ಲ. ಹೆಸರೂ ಇಲ್ಲ. ಹಿಂದುಗಡೆ ಮರದ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಒಂದು ನಂಬರ್ ಬಿಟ್ಟರೆ ಏನೂ ಇಲ್ಲ.

ಬರೆದವಳು ಶಹಾಬಾದ್ ಕಡೆಯ ಹುಡುಗಿ, ಕಲಬುರಗಿಯಲ್ಲಿ ಚಿತ್ರಕಲೆ ಓದಿದವಳು. ಅಪ್ಪ ಕಲ್ಲಿನ ಖಣಿಯಲ್ಲಿ ದುಡಿದವರು. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ. ಸಭಾಂಗಣದ ಹೆಸರು, ಸಂಘಟಕರ ಹೆಸರು ಕೂಡ ಇಲ್ಲಿ ಬೇಡ. ಅವರೇನು ಕೆಟ್ಟ ಜನ ಅಲ್ಲ, ಮತ್ತೆ ನನಗೆ ಬೇಕಾಗಿರುವುದು ಚಿತ್ರಕ್ಕೆ ಏನಾಯಿತು ಅನ್ನುವುದು ಮಾತ್ರ. ಒಂದು ವರ್ಷ ತುಂಬುವ ಮೊದಲೇ ಈ ಚಿತ್ರ ಮೂರು ಗೋಡೆಗಳ ಮೇಲೆ ತೂಗಿತು. ಮೂರು ಕಡೆಯೂ ತೂಗುಹಾಕಲು ನಾನೂ ಕೈ ಹಚ್ಚಿದ್ದೆ. ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗಲಿಲ್ಲ, ಅರ್ಥ ಮಾತ್ರ ಪೂರ್ತಿ ಬದಲಾಯಿತು.

ಇಂಥ ಕಡೆ ನಮ್ಮವರು ತಟ್ಟನೆ ಹೇಳುವ ಮಾತು ಒಂದಿದೆ: ಅವರವರ ಭಾವಕ್ಕೆ ಬಿಡಿ. ಈ ಮಾತು ನನಗೆ ಒಪ್ಪಿಗೆ ಇಲ್ಲ. ಭಾವ ಅವರವರದ್ದೇ ಆಗಿದ್ದರೆ ಒಂದೇ ಸಂಜೆ, ಒಂದೇ ಹಾಲ್‌ನಲ್ಲಿ, ಒಬ್ಬರಿಗೊಬ್ಬರು ಪರಿಚಯ ಇಲ್ಲದ ಇಷ್ಟು ಜನ ಒಂದೇ ಪ್ರಶ್ನೆ ಕೇಳುತ್ತಿರಲಿಲ್ಲ.

ಕಾಲೇಜಿನ ಗೋಡೆ

ಇಲ್ಲಿ ಹೇಳುವುದು ಜಾಸ್ತಿ ಇಲ್ಲ. ಕೊನೆಯ ವರ್ಷದ ಪ್ರದರ್ಶನ. ಬಿಳಿ ಗೋಡೆ, ಕಿಟಕಿಯಿಂದ ಹಗಲಿನ ಬೆಳಕು, ಬಂದವರಲ್ಲಿ ಮುಕ್ಕಾಲು ಪಾಲು ಕಲೆ ಓದಿದವರು ಇಲ್ಲವೇ ಓದುತ್ತಿರುವವರು. ಮಾತೆಲ್ಲ ಟೆಕ್ಸ್ಚರ್, ಕಾಂಪೊಸಿಷನ್, ಬ್ಯಾಲೆನ್ಸ್. ಒಬ್ಬ ಹಿರಿಯ ಸರ್ ಅಮೂರ್ತ ಚಿತ್ರಕಾರ ಗಾಯ್ತೊಂಡೆ ಹೆಸರು ಎತ್ತಿದರು, ಬಣ್ಣವನ್ನು ಪದರ ಪದರವಾಗಿ ಕಟ್ಟುವ ರೀತಿಗೆ. ಹಸಿರು ಪಟ್ಟಿ ಇರದಿದ್ದರೆ ಚಿತ್ರ ಎಡಕ್ಕೆ ವಾಲುತ್ತಿತ್ತು ಅಂದರು. ಆ ಮಾತು ಸರಿಯೇ. ಆದರೆ ಆ ಹಸಿರು ಯಾವುದರ ಹಸಿರು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕೇಳಬಾರದು ಅನ್ನುವುದೇ ಆ ಗೋಡೆಯ ರಿವಾಜು.

ಬೇರೆ ಕಡೆಯ ಓದುಗರಿಗೆ ಒಂದು ಸಣ್ಣ ಮಾಹಿತಿ. ಕಲಬುರಗಿ ಎಸ್.ಎಂ. ಪಂಡಿತರ ಊರು (1916–1993). ಅವರು ಬರೆದ ದೇವರುಗಳು ಕ್ಯಾಲೆಂಡರಿನಲ್ಲಿ ಮನೆ ಮನೆ ಸೇರಿದವು, ಸಿನಿಮಾ ಪೋಸ್ಟರ್‌ಗಳೂ ಸಾಕಷ್ಟಿವೆ. ಊರಿನ ಕಣ್ಣು ಆ ಚಿತ್ರಗಳಲ್ಲಿ ಪಳಗಿದೆ. ಚಿತ್ರ ಅಂದರೆ ಮುಖ ಇರಬೇಕು, ಮೈಕಟ್ಟು ಇರಬೇಕು, ಒಡವೆ ಮಿಂಚಬೇಕು. ಇಂಥ ಊರಿನಲ್ಲಿ ಬರೀ ಬೂದು ಗೋಡೆಯಂಥ ಚಿತ್ರ ಕಾಲೇಜಿನ ಹೊಸಿಲು ದಾಟಿ ಹೊರಗೆ ಬಂದರೆ ಜನ ಮುಖ ಹುಡುಕುತ್ತಾರೆ. ಮುಖ ಸಿಗದಿದ್ದರೆ ಸುಮ್ಮನೆ ಹೋಗುವುದಿಲ್ಲ, ಬೇರೇನಾದರೂ ಹಿಡಿದುಕೊಳ್ಳುತ್ತಾರೆ. ನಮ್ಮ ಚಿತ್ರದಲ್ಲಿ ಹಿಡಿದುಕೊಳ್ಳಲು ಎರಡೇ ಇದ್ದವು: ಹಸಿರು ಮತ್ತು ಕಾವಿ.

ಸೆಪ್ಟೆಂಬರ್ ತಿಂಗಳ ಗೋಡೆ

ಎರಡನೇ ಸಲ ಚಿತ್ರ ತೂಗಿದ್ದು ಊರ ನಡುವಿನ ಒಂದು ಸಭಾಂಗಣದ ಪಡಸಾಲೆಯಲ್ಲಿ. ಸೆಪ್ಟೆಂಬರ್ 17ರ ವಾರ. ಸ್ಥಳೀಯ ಕಲಾವಿದರ ಚಿತ್ರಗಳನ್ನೂ ಇಡೋಣ ಅಂತ ಸಂಘಟಕರು ಕರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕರೆದಿದ್ದರು.

ಈ ತಾರೀಖು ಬೆಂಗಳೂರು, ಮೈಸೂರಿನವರಿಗೆ ಏನೂ ಅನ್ನಿಸದಿರಬಹುದು. ನಮಗೆ ಹಾಗಲ್ಲ. ದೇಶಕ್ಕೆ 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದಾಗ ಕಲಬುರಗಿ, ಬೀದರ್, ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮನ ಪರ ನಿಂತ ಹತ್ಯಾರುಬಂದ್ ಪಡೆ ರಜಾಕಾರರ ಹಾವಳಿ ಇತ್ತು. ಬೀದರ್ ಜಿಲ್ಲೆಯ ಗೋರ್ಟಾ ಊರಿನಲ್ಲಿ 1948ರಲ್ಲಿ ನಡೆದ ಕಗ್ಗೊಲೆಯ ಕಥೆ ಇವತ್ತಿಗೂ ಮನೆಗಳಲ್ಲಿ ಹೇಳುತ್ತಾರೆ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮ ಸೋತ. ಅದಕ್ಕೇ ಅವತ್ತು ಇಲ್ಲಿ ಧ್ವಜ ಹಾರಿಸುತ್ತಾರೆ. ಮೊದಲು ಹೈದರಾಬಾದ್ ಕರ್ನಾಟಕ ವಿಮೋಚನೆ ಅನ್ನುತ್ತಿದ್ದರು, 2019ರಲ್ಲಿ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೇನೆ ಬಂದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಿ ಬರಲು ದಿಲ್ಲಿ ಸರಕಾರ ಪಂಡಿತ್ ಸುಂದರಲಾಲ್ ಅವರ ತಂಡವನ್ನು ಕಳಿಸಿತು. ಕಡಿಮೆ ಅಂದರೂ ಸಂಸ್ಥಾನದ ಉದ್ದಗಲಕ್ಕೆ 27,000ದಿಂದ 40,000 ಜನ ಸತ್ತಿರಬಹುದು ಅಂತ ಆ ವರದಿ ಅಂದಾಜು ಮಾಡಿತು. ಜಾಸ್ತಿ ಪೆಟ್ಟು ಬಿದ್ದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಹೆಸರೂ ಇದ್ದವು. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಹಾಗಾಗಿ ಇದೇ ದಿನವನ್ನು ಒಂದು ಓಣಿ ಬಿಡುಗಡೆ ಅಂತ ನೆನೆಯುತ್ತದೆ, ಪಕ್ಕದ ಓಣಿ ಅದರ ಬಗ್ಗೆ ಬಾಯಿ ಬಿಡುವುದಿಲ್ಲ.

ಈಗ ಈ ವಾರದಲ್ಲಿ, ಈ ಊರಿನಲ್ಲಿ, ಹಸಿರಿನ ಮೇಲೆ ಕಾವಿ ಗೆರೆ ಬಂದು ನಿಂತ ಚಿತ್ರ ತೂಗಿದರೆ ಏನಾಗಬಹುದು?

ಇನ್ನೊಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಡಸಾಲೆಯಲ್ಲಿ ಹಗಲು ಬೆಳಕು ಬರುವುದಿಲ್ಲ. ಚಿತ್ರಗಳ ಮೇಲೆ ಹಳದಿ ಎಲ್ಇಡಿ ಫೋಕಸ್ ಬಿಟ್ಟಿದ್ದರು. ಕಾಲೇಜಿನಲ್ಲಿ ಇಟ್ಟಿಗೆ ಪುಡಿಯ ಹಾಗೆ ಮಂಕಾಗಿದ್ದ ಕಾವಿ ಆ ಬೆಳಕಿಗೆ ಕೇಸರಿಯಾಯಿತು. ಬೂದು ಹಿಂದೆ ಸರಿಯಿತು. ಹಸಿರು ಎದ್ದು ಕಂಡಿತು. ಪಕ್ಕದಲ್ಲಿ ಧ್ವಜ ಹಾರಿಸುವ ಫೋಟೋಗಳ ಸಾಲು ಬೇರೆ. ಒಟ್ಟಿನಲ್ಲಿ ಚಿತ್ರದ ಪದರಗಳೆಲ್ಲ ಮಾಯವಾಗಿ ಎರಡು ಬಣ್ಣ ಮಾತ್ರ ಉಳಿದವು.

ಉದ್ಘಾಟನೆ ಮುಗಿದು ಸೂಸಲ, ಮಿರ್ಚಿ ಭಜಿ ಹಂಚುವಾಗ ಮೊದಲ ಪ್ರಶ್ನೆ ಬಂತು. ಧೋತರ ಉಟ್ಟ ಒಬ್ಬ ಹಿರಿಯರು ಕೈಯಲ್ಲಿ ಪೇಪರ್ ಪ್ಲೇಟು ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಕಲಾವಿದೆಯನ್ನು ಕರೆದು ಕೇಳಿದರು: "ತಂಗಿ, ಇದು ರಜಾಕಾರರನ್ನ ಹೊಡದಿದ್ದು ಹೌದಲ್ಲೊ? ಛಲೋ ಮಾಡೀದಿ." ಆಕೆ ಏನು ಹೇಳಬೇಕು ತಿಳಿಯದೆ ನಕ್ಕಳು. ಅರ್ಧ ಗಂಟೆಯೊಳಗೆ ಇನ್ನೊಬ್ಬರು, ಹೈಸ್ಕೂಲ್ ಮಾಸ್ತರಾಗಿ ನಿವೃತ್ತರಾದವರು, ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಕರೆದರು. "ಇದನ್ನ ಇಲ್ಲಿ ಹಾಕಬಾರದಿತ್ತು ಸರ್. ಹಸರಿನ ಮ್ಯಾಲ ಹಿಂಗ ಗೆರಿ ಹೊಡದರ ನಾವು ಏನಂತ ತಿಳಕೊಬೇಕು?" ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಜಾಸ್ತಿ ಇತ್ತು. ಮೂರನೆಯವನು ಒಬ್ಬ ಹುಡುಗ, ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತ ಕೇಳಿದ: "ಅಕ್ಕಾ, ನಡುವ ಬಿಳಿ ಯಾಕಿಲ್ಲ? ಧ್ವಜಕ್ಕ ಅವಮಾನ ಆಗ್ತದ."

ನೋಡಿ, ಒಬ್ಬರಿಗೆ ಹೆಮ್ಮೆ, ಒಬ್ಬರಿಗೆ ನೋವು, ಒಬ್ಬನಿಗೆ ಧ್ವಜ. ಮೂರೂ ಬೇರೆ ಬೇರೆ. ಆದರೆ ಮೂವರೂ ಕೇಳಿದ ಪ್ರಶ್ನೆ ಒಂದೇ: ಇದು ಯಾರ ಕಡೆ? ಆ ಪ್ರಶ್ನೆಯನ್ನು ಅವರ ಬಾಯಿಗೆ ತಂದಿದ್ದು ತಾರೀಖು, ಬೆಳಕು, ಪಕ್ಕದ ಫೋಟೋಗಳು.

ಮರುದಿನ ಸಂಘಟಕರು ಸಭೆ ಸೇರಿದರು. ಅಲ್ಲಿ ಬಂದ ಸಲಹೆಗಳನ್ನು ಕೇಳಿ. ಒಬ್ಬರು ಚಿತ್ರವನ್ನು ತಲೆಕೆಳಗೆ ಮಾಡಿ ತೂಗುಹಾಕೋಣ, ಹಸಿರು ಮೇಲೆ ಬರುತ್ತದೆ, ಯಾರಿಗೂ ಬೇಜಾರಿಲ್ಲ ಅಂದರು. ತಕ್ಷಣ ಇನ್ನೊಬ್ಬರು, ಆಗ ಕೇಸರಿ ಕೆಳಗೆ ಹೋಗುತ್ತದಲ್ಲ, ಅದಕ್ಕೆ ಯಾರು ಉತ್ತರ ಕೊಡುವವರು ಅಂದರು. ಅಡ್ಡ ಹಾಕಿದರೆ ಹೇಗೆ ಅನ್ನುವ ಮಾತೂ ಬಂತು. ನಾನು ನಗಬಾರದು ಅಂತ ತುಟಿ ಕಚ್ಚಿಕೊಂಡು ಕೂತಿದ್ದೆ. ಆದರೆ ಆಮೇಲೆ ಯೋಚಿಸಿದರೆ ಇದು ತಮಾಷೆಯ ಮಾತಲ್ಲ. ಮೇಲೆ ಕೆಳಗೆ ಅನ್ನುವುದಕ್ಕೆ ಇಷ್ಟು ತೂಕ ಇರುವ ಸಮಾಜದಲ್ಲಿ ಕ್ಯಾನ್ವಾಸಿನ ಮೇಲೆ ಕೆಳಗೆ ಮಾತ್ರ ಬರೀ ವಿನ್ಯಾಸವಾಗಿ ಉಳಿಯುವುದು ಹೇಗೆ?

ಕೊನೆಗೆ ಬಂದ ಸಲಹೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. "ಒಂದು ಹೆಣ್ಮಗಳು ತಲಿ ಮ್ಯಾಲ ಕಲ್ಲು ಹೊತ್ತಂಗ ಬರದುಬಿಡು ತಂಗಿ. ಆಗ ಯಾರೂ ಏನೂ ಅನ್ನಂಗಿಲ್ಲ."

ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧದ ಸ್ಮಾರಕಕ್ಕೆ ಆಗಿದ್ದೂ ಹೆಚ್ಚುಕಡಿಮೆ ಇದೇ. 1981ರಲ್ಲಿ ಮಾಯಾ ಲಿನ್ ಅನ್ನುವ 21 ವರ್ಷದ ವಿದ್ಯಾರ್ಥಿನಿಯ ನಕ್ಷೆ ಆಯ್ಕೆಯಾಯಿತು. ನೆಲದೊಳಗೆ ಇಳಿದ ಕಪ್ಪು ಕಲ್ಲಿನ ಗೋಡೆ, ಅದರ ಮೇಲೆ ಸತ್ತವರ ಹೆಸರು, ಬೇರೇನೂ ಇಲ್ಲ. ಸೋತ ಯುದ್ಧ, ಎರಡು ಭಾಗವಾದ ದೇಶ. ಕೆಲವರು ಅದನ್ನು ನಾಚಿಕೆಗೇಡಿನ ಕಪ್ಪು ಗಾಯ ಅಂದರು. ಗಲಾಟೆ ತಣ್ಣಗಾಗಲು 1984ರಲ್ಲಿ ಹತ್ತಿರದಲ್ಲೇ ಮೂವರು ಸೈನಿಕರ ಕಂಚಿನ ಪ್ರತಿಮೆ ನಿಲ್ಲಿಸಬೇಕಾಯಿತು. ಜನರಿಗೆ ಮುಖ ಬೇಕಿತ್ತು. ಇವತ್ತು ಜನ ಹೋಗಿ ಕೈಯಿಟ್ಟು ಅಳುವುದು ಆ ಗೋಡೆಯ ಮೇಲಿನ ಹೆಸರುಗಳ ಮೇಲೆ.

ನಮ್ಮ ಕಲಾವಿದೆ ಹೆಣ್ಮಗಳನ್ನು ಬರೆಯಲಿಲ್ಲ. ಬರೆಯಲ್ಲ ಅಂತ ಜೋರು ಮಾಡಲೂ ಇಲ್ಲ. ಚಿತ್ರ ಇಳಿಸಿ ಹಳೆಯ ಚಾದರ ಸುತ್ತಿ ಟಂಟಂನಲ್ಲಿ ಹಾಕಿಕೊಂಡು ಹೋದಳು.

ಬರೀ ಬಣ್ಣ ಅನ್ನುವ ಮಾತು

ಆ ಸಭೆಯಲ್ಲಿ ಕಲಾವಿದೆಯ ಪರವಾಗಿ ಮಾತಾಡಿದ ಕಾಲೇಜಿನ ಗೆಳೆಯರು ಒಂದು ವಾದ ಹೂಡಿದರು: ಇದು ಅಮೂರ್ತ ಚಿತ್ರ, ಬರೀ ಬಣ್ಣ ಮತ್ತು ಆಕಾರ, ಇದಕ್ಕೆ ರಾಜಕೀಯ ಹಚ್ಚಬೇಡಿ. ಗೆಳತಿಯನ್ನು ಉಳಿಸಲು ಹೇಳಿದ ಮಾತು, ಅರ್ಥವಾಗುತ್ತದೆ. ಆದರೆ ಚರಿತ್ರೆ ಈ ವಾದದ ಜೊತೆಗಿಲ್ಲ.

ರಷ್ಯದ ಚಿತ್ರಕಾರ ಮಾಲೆವಿಚ್‌ನ ಕಪ್ಪು ಚೌಕ ಅನ್ನುವ ಚಿತ್ರವನ್ನೇ ತೆಗೆದುಕೊಳ್ಳಿ. ಅಮೂರ್ತ ಅಂದರೆ ಎಲ್ಲರೂ ಮೊದಲು ತೋರಿಸುವುದು ಅದನ್ನೇ. 1915ರ ಡಿಸೆಂಬರ್‌ನಲ್ಲಿ ಪೆಟ್ರೊಗ್ರಾಡ್‌ನ ಪ್ರದರ್ಶನದಲ್ಲಿ ಅವನು ಅದನ್ನು ಗೋಡೆಯ ನಡುವೆ ಹಾಕಲಿಲ್ಲ. ಎರಡು ಗೋಡೆ ಸೇರುವ ಮೂಲೆಯಲ್ಲಿ, ಮೇಲೆ, ಛಾವಣಿ ಹತ್ತಿರ ಹಾಕಿದ. ರಷ್ಯದ ಮನೆಗಳಲ್ಲಿ ದೇವರ ಪಟ ಇಡುವ ಜಾಗ ಅದು. ಆ ಊರಿನವನಿಗೆ ಅದು ಬರೀ ಚೌಕ ಅಲ್ಲವೇ ಅಲ್ಲ. ನಮ್ಮ ಜಗಲಿಯ ಮೇಲಿನ ದೇವರನ್ನು ತೆಗೆದು ಅಲ್ಲೊಂದು ಕಪ್ಪು ಹಲಗೆ ಇಟ್ಟರೆ ಅಜ್ಜಿ ಸುಮ್ಮನಿರುತ್ತಾಳಾ? ಮುಂದೆ ಸ್ಟಾಲಿನ್ ಕಾಲ ಬಂದಾಗ ಇದೇ ಚೌಕ ಜನರಿಗೆ ಬೇಡವಾದ ಕಲೆ ಅನ್ನಿಸಿಕೊಂಡು ಗೋದಾಮು ಸೇರಿತು.

ಅಮೆರಿಕದ ಕಥೆ ಇನ್ನೂ ಮಜಾ ಇದೆ. 1946ರಲ್ಲಿ ಅಲ್ಲಿಯ ವಿದೇಶಾಂಗ ಇಲಾಖೆ ಸರಕಾರಿ ಹಣದಿಂದ ಆಧುನಿಕ ಶೈಲಿಯ 79 ತೈಲಚಿತ್ರಗಳನ್ನು ಕೊಂಡು ಹೊರದೇಶಗಳಿಗೆ ಕಳಿಸಿತು. ಮನೆಯಲ್ಲೇ ರಂಪ ಶುರುವಾಯಿತು, 1947ರಲ್ಲಿ ಚಿತ್ರಗಳನ್ನು ವಾಪಸು ಕರೆಸಿದರು, ಕೊನೆಗೆ ಯುದ್ಧದಲ್ಲಿ ಉಳಿದ ಸಾಮಾನಿನ ಲೆಕ್ಕದಲ್ಲಿ ಅಗ್ಗಕ್ಕೆ ಮಾರಿದರು. 1949ರಲ್ಲಿ ಜಾರ್ಜ್ ಡೊಂಡೆರೊ ಅನ್ನುವ ಸಂಸದ ಆಧುನಿಕ ಕಲೆಯ ಹಿಂದೆ ಕಮ್ಯುನಿಸ್ಟರಿದ್ದಾರೆ ಅಂತ ಸಂಸತ್ತಿನಲ್ಲೇ ಭಾಷಣ ಮಾಡಿದ. ಹತ್ತು ವರ್ಷ ಕಳೆಯುವುದರೊಳಗೆ ಗಾಳಿ ತಿರುಗಿತು. 1958–59ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಪೊಲಾಕ್, ರಾಥ್ಕೊ, ಡಿ ಕೂನಿಂಗ್ ಅವರಂಥ ಅಮೂರ್ತ ಚಿತ್ರಕಾರರ ಚಿತ್ರಗಳನ್ನು ಯುರೋಪಿನ ತುಂಬ ತಿರುಗಿಸಿತು. ಈಗ ಅದೇ ಬಗೆಯ ಬಣ್ಣದ ಎರಚಾಟ ಸ್ವತಂತ್ರ ದೇಶದ ಸ್ವತಂತ್ರ ಮನುಷ್ಯನ ಗುರುತು! ಅಮೆರಿಕದ ಗೂಢಚಾರ ಇಲಾಖೆ ಸಿಐಎ ಹಣದಲ್ಲಿ ನಡೆಯುತ್ತಿದ್ದ ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ ಅನ್ನುವ ಸಂಸ್ಥೆ ಕೂಡ ಇಂಥ ಕಲೆಯ ಬೆನ್ನು ತಟ್ಟುತ್ತಿತ್ತು ಅನ್ನುವುದು ಆಮೇಲೆ ಹೊರಬಿತ್ತು. ನಿನ್ನೆ ಕಮ್ಯುನಿಸ್ಟ್ ಅನ್ನಿಸಿಕೊಂಡದ್ದು ಇವತ್ತು ಕಮ್ಯುನಿಸ್ಟರ ವಿರುದ್ಧದ ಅಸ್ತ್ರ. ಪೊಲಾಕ್ ಬಣ್ಣ ಎರಚುವಾಗ ಇದೆಲ್ಲ ತಲೆಯಲ್ಲಿತ್ತಾ? ಇರಲಿಕ್ಕಿಲ್ಲ. ಅದರಿಂದ ಏನೂ ವ್ಯತ್ಯಾಸ ಆಗಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ಮುಖ ಇರುವ ಚಿತ್ರಕ್ಕೆ ಸ್ವಲ್ಪವಾದರೂ ತನ್ನ ಮಾತು ಇರುತ್ತದೆ, ನಾನು ಇಂಥವಳು, ಕಲ್ಲು ಹೊರುತ್ತಿದ್ದೇನೆ ಅನ್ನುತ್ತದೆ. ಅಮೂರ್ತ ಚಿತ್ರ ಬಾಯಿ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಅದರ ಸುತ್ತ ಯಾರು ಜೋರಾಗಿ ಮಾತಾಡುತ್ತಾರೋ ಅವರ ಮಾತೇ ಅದರ ಮಾತಾಗುತ್ತದೆ. ಅಮೂರ್ತ ಬರೆದರೆ ರಾಜಕೀಯದಿಂದ ಪಾರಾಗಬಹುದು ಅಂದುಕೊಂಡವರು ಪೂರ್ತಿ ಉಲ್ಟಾ ತಿಳಿದುಕೊಂಡಿದ್ದಾರೆ.

ಒಂದು ಮಾತು ಕಲಾವಿದೆಯ ಬಗ್ಗೆಯೂ ಹೇಳಬೇಕು. ಆಕೆಗೂ ಇದು ಪೂರ್ತಿ ಹೊಸದಾಗಿರಲಿಲ್ಲ. ಹಸಿರು ಮೊದಲು ಇನ್ನೂ ಅಗಲ ಇತ್ತಂತೆ. ಹಚ್ಚಿ, ನೋಡಿ, ಯಾರಾದರೂ ಏನಾದರೂ ಅಂದಾರು ಅನ್ನಿಸಿ, ಬೂದು ಹಚ್ಚಿ ಸಣ್ಣ ಮಾಡಿದಳಂತೆ. ಚಿತ್ರದ ಬಲಗಡೆ ಓರೆಯಾಗಿ ನೋಡಿದರೆ ಬೂದಿನ ಕೆಳಗೆ ಆ ಹಳೆಯ ಹಸಿರಿನ ಅಂಚು ಈಗಲೂ ಗೊತ್ತಾಗುತ್ತದೆ. ಅಂದರೆ ಸಭಾಂಗಣದ ಜನ ಬರುವ ಮೊದಲೇ ಅವರು ಆಕೆಯ ಬ್ರಶ್ಶಿನ ತುದಿಯಲ್ಲಿ ಕೂತಿದ್ದರು. ನಮ್ಮ ಊರಲ್ಲಿ ಹಸಿರು ಕಲಸುವಾಗ ಒಂದು ಕ್ಷಣ ಕೈ ತಡೆಯುತ್ತದೆ. ಹಿರಿಯ ಸರ್ ಮೆಚ್ಚಿದ ಆ ಬ್ಯಾಲೆನ್ಸ್ ಇದೆಯಲ್ಲ, ಅದರಲ್ಲಿ ಈ ಹೆದರಿಕೆಯ ಪಾಲೂ ಇದೆ.

ಓಣಿಯ ಗೋಡೆ

ಮೂರನೇ ಸಲ ಚಿತ್ರ ತೂಗಿದ್ದು ಏಪ್ರಿಲ್‌ನಲ್ಲಿ, ಆಕೆಯ ಓಣಿಯ ಸಮುದಾಯ ಭವನದಲ್ಲಿ. ಅಂಬೇಡ್ಕರ್ ಜಯಂತಿಗೆ ಓಣಿಯ ಹುಡುಗರು ನಮ್ಮ ಅಕ್ಕನ ಚಿತ್ರ ಇಡೋಣ ಅಂತ ಪಟ್ಟು ಹಿಡಿದಿದ್ದರು. ನೀಲಿ ಬಳಿದ ಗೋಡೆ. ಒಂದು ಕಡೆ ಬುದ್ಧ, ಒಂದು ಕಡೆ ಬಾಬಾಸಾಹೇಬರು, ನಡುವೆ ನಮ್ಮ ಕ್ಯಾನ್ವಾಸ್. ಬಾಗಿಲು ತೆರೆದರೆ ಏಪ್ರಿಲ್ ಬಿಸಿಲು ಸೀದಾ ಅದರ ಮೇಲೆ.

ಶಹಾಬಾದ್ ಕಲ್ಲು ಗೊತ್ತಿಲ್ಲದವರು ಕಡಿಮೆ. ದಖನ್ನಿನ ಎಷ್ಟೋ ಮನೆಗಳ ನೆಲ, ಅಡುಗೆ ಕಟ್ಟೆ, ಬಚ್ಚಲು ಅದೇ ಕಲ್ಲು. ಸುಣ್ಣದ ಕಲ್ಲಿನ ಜಾತಿ. ನೆಲದೊಳಗೆ ಪುಸ್ತಕದ ಹಾಳೆಗಳ ಹಾಗೆ ಪದರವಾಗಿ ಕೂತಿರುತ್ತದೆ. ಪದರದ ಸಂದು ಹುಡುಕಿ ಉಳಿ ಇಟ್ಟು ಹೊಡೆದು ಹಾರೆ ಹಾಕಿ ಎಬ್ಬಿಸುತ್ತಾರೆ. ಮಷಿನ್ ಬಂದ ಮೇಲೆ ಕೆಲಸ ಬದಲಾಗಿದೆ, ದೂಳು ಹಾಗೇ ಇದೆ.

ಆಕೆಯ ಅಪ್ಪನ ಜೊತೆ ಖಣಿಯಲ್ಲಿ ದುಡಿದ ಒಬ್ಬ ಕಾಕಾ ಬಂದರು. ಚಿತ್ರದ ಮುಂದೆ ನಿಂತವರು ಏನೂ ಕೇಳಲಿಲ್ಲ, ಸೀದಾ ಕೈಯಿಟ್ಟು ಸವರಿದರು. ಗ್ಯಾಲರಿಯಲ್ಲಾದರೆ ಯಾರಾದರೂ ಓಡಿಬಂದು ತಡೆಯುತ್ತಿದ್ದರು. ಬೆರಳಿನಿಂದ ಪದರ ಎಣಿಸುತ್ತ ಕೆಳಗೆ ಬಂದರು. ಒಂದು ಕಡೆ ನಿಂತು, "ಇಲ್ಲಿ ಕಲ್ಲು ಮೆತ್ತಗದ, ಇದು ಎಬ್ಬಿಸಿದರ ಒಡೀತದ" ಅಂದರು. ಆಮೇಲೆ ಹಸಿರು ಪಟ್ಟಿ ತೋರಿಸಿ, "ಇದು ನಮ್ಮ ಹಳೀ ಖಣಿ ನೀರು ಅಲ್ಲೇನವ್ವ? ಪಾಚಿ ಕಟ್ಟಿದ್ದು?" ಕೆಲಸ ನಿಂತ ಖಣಿಯ ಹೊಂಡದಲ್ಲಿ ಮಳೆ ನೀರು ನಿಂತು ಹಸಿರಾಗುತ್ತದೆ. ಎಮ್ಮೆ ಮೈ ತೊಳೆಯುತ್ತಾರೆ, ಹುಡುಗರು ಈಜುತ್ತಾರೆ, ಮುಳುಗುತ್ತಾರೆ ಕೂಡ. ಗೆರೆಯನ್ನಂತೂ ಅವರು ನೋಡುತ್ತಿದ್ದ ಹಾಗೆ ಗುರುತು ಹಿಡಿದರು. ಕಲ್ಲು ಕತ್ತರಿಸುವ ಮೊದಲು ದಾರವನ್ನು ಕಾವಿಯಲ್ಲಿ ಅದ್ದಿ ಎರಡು ತುದಿ ಬಿಗಿಯಾಗಿ ಹಿಡಿದು ನಡುವೆ ಎತ್ತಿ ಬಿಟ್ಟರೆ ಕಲ್ಲಿನ ಮೇಲೆ ನೇರ ಗೆರೆ ಬೀಳುತ್ತದೆ, ಅಕ್ಕಪಕ್ಕ ಬಣ್ಣ ಸಿಡಿಯುತ್ತದೆ. ಅಂಚಿನ ಆ ಚುಕ್ಕೆಗಳು ಅವೇ. ಆಕೆ ಬ್ರಶ್ಶಿನಿಂದ ಎಳೆದ ಗೆರೆ ಅದಲ್ಲ, ದಾರ ಹೊಡೆದ ಗೆರೆ. ಒಂದರ ಪಕ್ಕ ಒಂದು ಹೊಡೆದು ಅಗಲ ಮಾಡಿದ್ದಾಳೆ. ಮತ್ತೆ ಗೆರೆ ನೀರಿನ ಹತ್ತಿರ ಬಂದು ಯಾಕೆ ನಿಲ್ಲುತ್ತದೆ? ಅಲ್ಲಿಂದ ಮುಂದೆ ಕಲ್ಲಿಲ್ಲ, ಅದಕ್ಕೆ.

ಕಾಲೇಜಿನಲ್ಲಿ ಯಾವುದು ಅಮೂರ್ತವೋ ಅದು ಇಲ್ಲಿ ಫೋಟೋದಷ್ಟು ಸ್ಪಷ್ಟ.

ಇಲ್ಲಿಗೆ ನಿಲ್ಲಿಸಿ, ದುಡಿಯುವ ಜನರ ಕಣ್ಣೇ ನಿಜವಾದ ಕಣ್ಣು ಅಂದುಬಿಟ್ಟರೆ ಚೆನ್ನಾಗಿ ಕೇಳುತ್ತದೆ. ಆದರೆ ಅದೇ ಸಂಜೆ ಓಣಿಯ ಹುಡುಗರು ಓದಿದ್ದೇ ಬೇರೆ. ಶಹಾಬಾದ್ ಕಲ್ಲಿನ ಬೂದಿನಲ್ಲಿ ಸ್ವಲ್ಪ ನೀಲಿ ಇರುತ್ತದೆ. ನೀಲಿ ಗೋಡೆಯ ಮೇಲೆ ಆ ನೀಲಿ ಎದ್ದು ಬಂತು. "ನೋಡ್ರಿ, ಕೇಸರಿ ಅದ, ಹಸರು ಅದ, ಆದ್ರ ಎಲ್ಲಾಕ್ಕಿಂತ ಜಾಸ್ತಿ ಇರೋದು ನೀಲಿ, ನಮ್ಮದು" ಅಂತ ಒಬ್ಬ ಮೈಕಿನಲ್ಲೇ ಹೇಳಿದ, ಚಪ್ಪಾಳೆಯೂ ಬಿತ್ತು. ಸೆಪ್ಟೆಂಬರ್‌ನಲ್ಲಿ ತಾರೀಖು ಮಾಡಿದ ಕೆಲಸವನ್ನು ಏಪ್ರಿಲ್‌ನಲ್ಲೂ ತಾರೀಖೇ ಮಾಡಿತು. ಕಲಾವಿದೆ ಇಲ್ಲೂ ನಕ್ಕಳು, ಈ ಸಲ ಸ್ವಲ್ಪ ಸಲೀಸಾಗಿ.

ಅಂದಹಾಗೆ ಅಲ್ಲಿಂದ ಬಹಳ ದೂರವಿಲ್ಲ, ಇದೇ ಜಿಲ್ಲೆಯ ಚಿತ್ತಾಪುರ ತಾಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿ. ಅಲ್ಲಿಯ ಸ್ತೂಪದ ಫಲಕಗಳೂ ಸುಣ್ಣದ ಕಲ್ಲಿನವೇ. ಎಷ್ಟೋ ಫಲಕಗಳಲ್ಲಿ ಬುದ್ಧ ಇರಬೇಕಾದ ಕಡೆ ಬುದ್ಧನೇ ಇಲ್ಲ. ಖಾಲಿ ಪೀಠ, ಪಾದದ ಗುರುತು, ಚಕ್ರ, ಮರ. ಏನೂ ಗೊತ್ತಿಲ್ಲದೆ ಹೋದವನಿಗೆ ಅದು ಖಾಲಿ ಕುರ್ಚಿ. ಸುತ್ತ ಕೈಮುಗಿದು ಕೂತವರನ್ನು ನೋಡಿದ ಮೇಲೆ ಯಾರೋ ಇದ್ದಾರೆ ಅಂತ ತಿಳಿಯುತ್ತದೆ. ಆಕೆಯ ಓಣಿಯವರು ಅಲ್ಲಿಗೆ ಹೋಗಿ ಬರುತ್ತಾರೆ. ಅವರಿಗೆ ಆ ಖಾಲಿ ಪೀಠದಲ್ಲಿ ಬುದ್ಧನ ಜೊತೆ ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ ದೀಕ್ಷೆಯೂ ಕಾಣುತ್ತದೆ. ಕೆತ್ತಿದವನಿಗೆ ಇದು ಕನಸಿನಲ್ಲೂ ಬಂದಿರಲಿಕ್ಕಿಲ್ಲ. ಹಾಗಂತ ಅದು ಹೊರಗಿನಿಂದ ಅಂಟಿಸಿದ ಅರ್ಥ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಯಾವ ಓದು ಸರಿ?

ನನ್ನ ಹತ್ತಿರ ಒಂದು ಒರಟು ಅಳತೆ ಇದೆ. ಒಂದು ಓದು ಚಿತ್ರದ ಎಷ್ಟು ಭಾಗವನ್ನು ಬಳಸಿಕೊಳ್ಳುತ್ತದೆ ಅಂತ ನೋಡುತ್ತೇನೆ. ಸಭಾಂಗಣದ ಓದಿಗೆ ಬೇಕಾಗಿದ್ದು ಹಸಿರು ಮತ್ತು ಕಾವಿ, ಮುಕ್ಕಾಲು ಭಾಗ ಬೂದನ್ನು ಅದು ಮುಟ್ಟಲೇ ಇಲ್ಲ. ಹುಡುಗರ ನೀಲಿ ಓದು ಬೂದನ್ನು ಹಿಡಿಯಿತು, ಪದರ ಬಿಟ್ಟಿತು. ಕಾಲೇಜಿನವರು ಪದರ, ತೂಕ ಎಲ್ಲ ನೋಡಿದರು, ಆದರೆ ಆ ಪುಡಿ ಯಾವ ಕಲ್ಲಿನದು ಅಂತ ಕೇಳಲಿಲ್ಲ. ಖಣಿಯ ಕಾಕಾ ಪದರ, ಪುಡಿ, ಗೆರೆ, ಗೆರೆಯ ಸಿಡಿತ, ಗೆರೆ ನಿಲ್ಲುವ ಜಾಗ ಎಲ್ಲವನ್ನೂ ಒಂದೇ ಕಥೆಯೊಳಗೆ ತಂದರು. ಅವರ ಓದು ನನಗೆ ದೊಡ್ಡದಾಗಿ ಕಾಣುವುದು ಇದಕ್ಕೆ, ಅವರು ಬಡವರು ಅನ್ನುವುದಕ್ಕಲ್ಲ. ಆದರೆ ಕಾಕಾ ಕೂಡ ಒಂದನ್ನು ಬಿಟ್ಟರು: ಬೂದಿನ ಕೆಳಗೆ ಅಡಗಿದ ಹಳೆಯ ಹಸಿರಿನ ಅಂಚು. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮತ್ತೆ ಸೆಪ್ಟೆಂಬರ್‌ಗೇ ಹೋಗಬೇಕು.

ಜರೀನಾ ಹಾಶ್ಮಿ 2001ರಲ್ಲಿ ಮಾಡಿದ ಒಂದು ಮರದಚ್ಚಿನ ಚಿತ್ರ ಇದೆ. ಹಾಳೆಯ ಮೇಲೆ ಅಂಕುಡೊಂಕಾದ ಒಂದು ಕಪ್ಪು ಗೆರೆ, ಅಷ್ಟೇ. ಅದು ಭಾರತ–ಪಾಕಿಸ್ತಾನದ ಗಡಿ ಅಂತ ಗೊತ್ತಾದ ಮೇಲೆ ಅದನ್ನು ಬರೀ ಗೆರೆಯಾಗಿ ನೋಡಲು ಆಗುವುದೇ ಇಲ್ಲ. ಸೋಮನಾಥ ಹೋರ್ 1970ರ ದಶಕದಲ್ಲಿ ಬಿಳಿ ಕಾಗದದ ಪಲ್ಪ್‌ನಲ್ಲಿ ಬಿಳಿಯ ಗಾಯಗಳನ್ನು ಮಾಡಿದರು. 1943ರ ಬಂಗಾಳದ ಬರವನ್ನು ಕಣ್ಣಾರೆ ಕಂಡು ಬರೆದವರು ಅವರು ಅಂತ ತಿಳಿದಾಗ ಆ ಬಿಳಿ ಹಾಳೆಯ ಸೀಳು ಚರ್ಮವಾಗುತ್ತದೆ. ಇಂಥ ಕಡೆ ಸಂದರ್ಭ ತಿಳಿದಷ್ಟೂ ನಾವು ಚಿತ್ರವನ್ನು ಇನ್ನೂ ಹೆಚ್ಚು ನೋಡುತ್ತೇವೆ. ನಮ್ಮ ಸಭಾಂಗಣದಲ್ಲಿ ಆಗಿದ್ದು ಇದರ ಉಲ್ಟಾ, ಸಂದರ್ಭ ಬಂದು ಚಿತ್ರದ ಮುಂದೆ ಅಡ್ಡ ನಿಂತಿತು.

ಎರಡು ಅರ್ಥ ಒಟ್ಟಿಗೆ ಇಟ್ಟುಕೊಳ್ಳುವುದು ನಮ್ಮ ಕಡೆಯವರಿಗೆ ಬರುವುದಿಲ್ಲ ಅಂತಲೂ ಅಲ್ಲ. ಬೀದರ್ ಪಕ್ಕದ ಅಷ್ಟೂರಿಗೆ ಹೋಗಿ ನೋಡಿ. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗುಮ್ಮಟ. ಒಳಗೆ ತುಂಬ ಅಕ್ಷರ, ಬಳ್ಳಿ, ರೇಖೆಗಳು. ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ, ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿಗೆ ಆಳಂದ ತಾಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಯಾರೂ ಗುಮ್ಮಟವನ್ನು ತಲೆಕೆಳಗೆ ಮಾಡಿ ಅನ್ನುವುದಿಲ್ಲ. ಅಲ್ಲಿ ಸಾಧ್ಯವಾದದ್ದು ಸಭಾಂಗಣದಲ್ಲಿ ಯಾಕೆ ಆಗಲಿಲ್ಲ? ಅಲ್ಲಿ ಎರಡೂ ಕಡೆಯವರಿಗೆ ತಮ್ಮ ತಮ್ಮ ಸರದಿ ಇದೆ, ತಲೆಮಾರುಗಳ ರೂಢಿ ಇದೆ. ಇಲ್ಲಿ ಒಂದೇ ಮೈಕ್ ಇತ್ತು, ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವ ಆತುರ ಇತ್ತು.

ಈಗ ಏನಾಗಿದೆ

ಇತ್ತೀಚೆಗೆ ಬೆಂಗಳೂರಿನ ಒಂದು ಗ್ಯಾಲರಿಯವರು ಚಿತ್ರ ಕೇಳಿದರು. ಜೊತೆಗೆ ಕಲಾವಿದೆಯ ಟಿಪ್ಪಣಿಯೂ ಬೇಕು ಅಂದರು. ಹಿಂದುಳಿದ ಪ್ರದೇಶದ ನೋವು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ), ಬರ, ವಲಸೆ, ಇಂಥದ್ದೇನಾದರೂ ಸೇರಿಸಿದರೆ ನೋಡುವವರಿಗೆ ಸುಲಭ ಅಂತ ಸಲಹೆ ಬೇರೆ. ಇದೂ ಒಂದು ಗೋಡೆಯೇ, ನಾಲ್ಕನೆಯದು. ನಮ್ಮ ಕಡೆಯಿಂದ ಹೋದ ಚಿತ್ರ ಅಂದರೆ ಅದರಲ್ಲಿ ಕಣ್ಣೀರು ಇರಲೇಬೇಕು ಅನ್ನುವ ಗೋಡೆ. ಸೆಪ್ಟೆಂಬರ್‌ನಲ್ಲಿ ಕೇಳಿದ ಪ್ರಶ್ನೆಗಳಿಗಿಂತ ಈ ಸಲಹೆ ನನಗೆ ಜಾಸ್ತಿ ಕಿರಿಕಿರಿ ಮಾಡಿತು. ಆ ಹಿರಿಯರಿಗೆ, ಆ ಮಾಸ್ತರಿಗೆ ಆ ಬಣ್ಣಗಳ ಹಿಂದೆ ಮನೆಮಂದಿಯ ನೆನಪಿತ್ತು. ಇವರಿಗೆ ಕ್ಯಾಟಲಾಗ್‌ನಲ್ಲಿ ಜಾಗ ತುಂಬಿಸಬೇಕಿತ್ತು.

ಟಿಪ್ಪಣಿ ಏನು ಬರೆಯಬೇಕು ಅಂತ ಆಕೆಗೂ ನನಗೂ ಬಹಳ ವಾದ ನಡೆಯಿತು. ನಾನು ಅಂದಿದ್ದು, ಮೂರೂ ಗೋಡೆಗಳ ಕಥೆ ಬರೆ, ಯಾವ ತಾರೀಖಿಗೆ ಎಲ್ಲಿ ತೂಗಿತ್ತು, ಯಾರು ಏನಂದರು, ಎಲ್ಲ ಚಿತ್ರದ ಪಕ್ಕದಲ್ಲೇ ಇರಲಿ. ಆಕೆಗೆ ಅದು ಬೇಡ. ಅಷ್ಟು ಬರೆದರೆ ಜನ ಓದಿ ಹೋಗುತ್ತಾರೆ, ಚಿತ್ರ ನೋಡುವುದಿಲ್ಲ ಅಂದಳು. ಕೊನೆಗೆ ಆಕೆ ಬರೆದು ಕಳಿಸಿದ್ದು ಒಂದೇ ಸಾಲು: "ಫರಸಿ ಪುಡಿ, ಫೆವಿಕಾಲ್, ಹಸಿರು ಅಕ್ರಿಲಿಕ್, ಕಾವಿಯಲ್ಲಿ ಅದ್ದಿದ ದಾರ. ಶಹಾಬಾದ್." ಮುಟ್ಟಿ ನೋಡಬಹುದು ಅಂತ ಒಂದು ಚೀಟಿಯನ್ನೂ ಅಂಟಿಸಬೇಕು ಅಂತ ಷರತ್ತು ಹಾಕಿದ್ದಾಳೆ. ಬೆಳಕಿನ ಬಗ್ಗೆ ನಾನು ಸೇರಿಸಿದ ಮಾತಿಗೆ ಮಾತ್ರ ಒಪ್ಪಿದಳು: ಹಳದಿ ಫೋಕಸ್ ಬೇಡ, ಬಿಳಿ ಬೆಳಕು ಇರಲಿ.

ಗ್ಯಾಲರಿಯವರು ಬೆಳಕಿಗೆ ಹೂಂ ಅಂದಿದ್ದಾರೆ. ಮುಟ್ಟುವ ವಿಷಯಕ್ಕೆ ಇನ್ಶೂರೆನ್ಸ್ ಕಾರಣ ಹೇಳಿ ಆಗುವುದಿಲ್ಲ ಅಂದಿದ್ದಾರೆ. ಆ ಒಂದು ಷರತ್ತಿನ ಮೇಲೆ ಮಾತು ನಿಂತಿದೆ. ಸದ್ಯಕ್ಕೆ ಕ್ಯಾನ್ವಾಸ್ ಆಕೆಯ ಮನೆಯಲ್ಲೇ ಇದೆ.